ನಾಯಿಗೆ ಅಗಿಯಲು ಏನು ಕೊಡಬೇಕು?

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಕ್ರಿ.ಶ. ಹತ್ತನೆಯ ಶತಮಾನದ ವೀರಗಲ್ಲಿನ ವಿಚಾರ ಇತಿಹಾಸದ ವಿದ್ಯಾರ್ಥಿಗಳಿಗೆಲ್ಲ ತಿಳಿದದ್ದೇ. ಗಂಗರಸ ಬೂತುಗನ ಸೇವಕನಾದ ಮಣಲೆರನು ತನ್ನ ಪರಾಕ್ರಮಕ್ಕೆ ಮೆಚ್ಚುಗೆಯಾಗಿ ‘ಕಾಳಿ’ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿ ಕಾಡುಹಂದಿಯೊಂದರ ಮೇಲೆ ಬಿದ್ದು ಹೋರಾಡಿ, ಅದನ್ನು ಕೊಂದು ತಾನೂ ಮಡಿಯಿತು. ಅದರ ನೆನಪಿಗೆ ನಿಲ್ಲಿಸಿದ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯ ಹಲ್ಲಿನ ಬಲವನ್ನು ಹೀಗೆ ಕಲ್ಲಿನಲ್ಲಿ ಕೆತ್ತಿ ಗೌರವಿಸಿದ ನಾಡು ನಮ್ಮದು. ಆದರೆ ಆ ಹಲ್ಲಿಗೆ ಯಾವುದು ಹಿತ, ಯಾವುದು ಅಹಿತ ಎಂಬುದನ್ನು ನಮ್ಮಲ್ಲಿ ಯೋಚಿಸುವವರು ವಿರಳ.

ಹಳ್ಳಿಯಲ್ಲಿ ನಾಯಿಗೆ ಉಳಿದ ಮುದ್ದೆ, ಹಬ್ಬದ ದಿನ ಎಲುಬು, ಇಷ್ಟೇ ವ್ಯವಸ್ಥೆ. ಪಟ್ಟಣಗಳಲ್ಲಾದರೋ ನಾಯಿಗೆ ಅಗಿಯಲೆಂದೇ ಮಾಡಿದ ಚರ್ಮದ ಗಂಟು, ಕೊಂಬಿನ ತುಂಡು, ಬಣ್ಣಬಣ್ಣದ ಕಡ್ಡಿ ಮೊದಲಾದ ಪದಾರ್ಥಗಳಿಂದ ಅಂಗಡಿಗಳು ತುಂಬಿವೆ. ನನ್ನ ಹಾಗೆ ಮನೆತನದಲ್ಲಿ ಮೊದಲನೆಯವರಾಗಿ ಕಾಲೇಜಿನ ಮೆಟ್ಟಿಲು ಹತ್ತಿದವರ ಮನೆಗಳಲ್ಲಿ ನಾಯಿಗೆಂದು ಬೇರೆ ಹಣ ತೆಗೆದಿಡುವ ಪದ್ಧತಿಯಿಲ್ಲ. ಆದ್ದರಿಂದ, ‘ಬೆಲೆಯುಳ್ಳದ್ದು ಕ್ಷೇಮಕರ, ನಮ್ಮಂಥವರ ನಾಯಿಗೆ ಎಲುಬೇ ಗತಿ’ ಎಂದು ಅನೇಕರು ತಿಳಿದಿದ್ದಾರೆ. ಈ ತಿಳಿವಳಿಕೆ ಎರಡು ಕಡೆಯೂ ತಪ್ಪು. ಅಗಿಯುವ ಪದಾರ್ಥದ ಕ್ಷೇಮ ಅದರ ಬೆಲೆಯಲ್ಲಿಲ್ಲ. ಅದು ಎಷ್ಟು ಗಟ್ಟಿ, ಎಷ್ಟು ದೊಡ್ಡದು, ನುಂಗಿದ ಮೇಲೆ ಹೊಟ್ಟೆಯಲ್ಲಿ ಏನಾಗುತ್ತದೆ ಎಂಬ ಮೂರು ಪ್ರಶ್ನೆಗಳಲ್ಲಿದೆ. ಈ ಮೂರನ್ನೂ ಪರೀಕ್ಷಿಸಲು ನಮ್ಮ ಕೈ ಕಣ್ಣುಗಳೇ ಬಹುಮಟ್ಟಿಗೆ ಸಾಕು.

ಮೊದಲು, ನಾಯಿ ಏತಕ್ಕೆ ಅಗಿಯುತ್ತದೆ ಎಂಬುದನ್ನು ನೋಡೋಣ. ಮರಿಗೆ 28 ಹಾಲುಹಲ್ಲುಗಳು. ಬೆಳೆದ ನಾಯಿಗೆ 42 ಹಲ್ಲುಗಳು. ಸುಮಾರು ನಾಲ್ಕನೆಯ ತಿಂಗಳಿಂದ ಏಳನೆಯ ತಿಂಗಳೊಳಗೆ ಹಾಲುಹಲ್ಲು ಉದುರಿ ಹೊಸ ಹಲ್ಲು ಬರುವಾಗ ಮರಿಗೆ ಒಸಡು ನವೆಯುತ್ತದೆ. ಆ ಕಾಲದಲ್ಲಿ ಅದು ಚಪ್ಪಲಿಯನ್ನು ಕಚ್ಚಿದರೆ ಅದು ತುಂಟತನವಲ್ಲ, ನೋವಿಗೆ ಅದು ಕಂಡುಕೊಂಡ ಉಪಾಯ. ಬೆಳೆದ ನಾಯಿಗೆ ಅಗಿಯುವುದು ಬೇಸರ ಕಳೆಯುವ ಕೆಲಸವೂ ಹೌದು, ಹಲ್ಲು ತಿಕ್ಕಿಕೊಳ್ಳುವ ಕೆಲಸವೂ ಹೌದು. ಹಲ್ಲಿನ ಮೇಲೆ ಕೂಡುವ ಲೋಳೆಯನ್ನು ಹಾಗೆಯೇ ಬಿಟ್ಟರೆ ಕೆಲವೇ ದಿನಗಳಲ್ಲಿ ಅದು ಎಂಜಲಿನಲ್ಲಿರುವ ಸುಣ್ಣದ ಅಂಶದಿಂದ ಗಡುಸಾಗಿ ಕಿಟ್ಟವಾಗುತ್ತದೆ. ಕಿಟ್ಟದಿಂದ ಒಸಡಿನ ರೋಗ, ಅದರಿಂದ ಬಾಯಿಯ ದುರ್ಗಂಧ, ಕೊನೆಗೆ ಹಲ್ಲು ಸಡಿಲವಾಗುವುದು. ತಕ್ಕ ಪದಾರ್ಥವನ್ನು ಅಗಿದರೆ ಲೋಳೆ ಕೆಲಮಟ್ಟಿಗೆ ಉಜ್ಜಿಹೋಗುತ್ತದೆ. ಆದಕಾರಣ ಅಗಿಯುವುದನ್ನು ತಪ್ಪಿಸುವುದು ಪರಿಹಾರವಲ್ಲ; ಒಳ್ಳೆಯದನ್ನು ಅಗಿಯಲು ಕೊಡುವುದೇ ಪರಿಹಾರ.

ಇನ್ನು ಮೊದಲನೆಯ ಪ್ರಶ್ನೆ, ಗಟ್ಟಿತನ. ನಾಯಿಯ ಹಲ್ಲು ಎಂಥ ಕಲ್ಲನ್ನಾದರೂ ಪುಡಿಮಾಡೀತೆಂಬುದು ಜನರ ನಂಬಿಕೆ. ವಾಸ್ತವದಲ್ಲಿ ನಾಯಿಯ ಹಲ್ಲಿನ ಮೇಲಣ ಹೊಳಪಿನ ಕವಚ ಮನುಷ್ಯನ ಹಲ್ಲಿನದಕ್ಕಿಂತ ತೆಳುವು. ಅದರ ದಪ್ಪ ಒಂದು ಮಿಲಿಮೀಟರನ್ನು ಮುಟ್ಟುವುದೇ ಕಷ್ಟ. ಗಟ್ಟಿ ಪದಾರ್ಥವನ್ನು ನಾಯಿ ಬಾಯಿಯ ಪಕ್ಕಕ್ಕೆ ತಳ್ಳಿ ಮೇಲ್ದವಡೆಯ ದೊಡ್ಡ ಕತ್ತರಿಹಲ್ಲಿನಿಂದ ಕಡಿಯುವುದನ್ನು ನಾವೆಲ್ಲ ಕಂಡಿದ್ದೇವೆ. ಪದಾರ್ಥ ಬಗ್ಗದಿದ್ದರೆ ಹಲ್ಲೇ ಬಗ್ಗಬೇಕು. ಹಲ್ಲು ಬಗ್ಗಲಾರದು, ಸೀಳುತ್ತದೆ. ಒಂದು ಪಕ್ಕದ ಚಕ್ಕೆ ಎದ್ದು ಒಳಗಿನ ನರ ಹೊರಬಿದ್ದರೆ ಆ ನೋವನ್ನು ನಾಯಿ ಬಾಯಿಬಿಟ್ಟು ಹೇಳಲಾರದು. ಒಂದೇ ಕಡೆಯಿಂದ ತಿನ್ನುವುದು, ಮುಖ ಮುಟ್ಟಗೊಡದಿರುವುದು, ಇಷ್ಟೇ ಅದರ ಭಾಷೆ. ಜಿಂಕೆಯ ಕೊಂಬು, ದನದ ಗೊರಸು, ತೊಡೆಯ ಗಟ್ಟಿಮೂಳೆ, ಬಗ್ಗದ ನೈಲಾನ್ ಎಲುಬು, ಕಲ್ಲು ಇವೆಲ್ಲ ಈ ಜಾತಿಗೆ ಸೇರಿದವು. ಇವುಗಳಲ್ಲಿ ಕೆಲವು ಅಂಗಡಿಯಲ್ಲಿ ಬಹು ದುಬಾರಿ ಎಂಬುದನ್ನು ಗಮನಿಸಬೇಕು. ಪಶುವೈದ್ಯರು ಹೇಳುವ ಪರೀಕ್ಷೆ ಸುಲಭವಾದದ್ದು: ಹೆಬ್ಬೆರಳಿನ ಉಗುರನ್ನು ಒತ್ತಿರಿ. ಗುರುತು ಬಿದ್ದರೆ ಕೊಡಬಹುದು, ಬೀಳದಿದ್ದರೆ ಕೊಡಬಾರದು.

ಈ ವಿಷಯದಲ್ಲಿ ಅಮೆರಿಕದ ಒಂದು ಪ್ರಸಂಗ ಸ್ವಾರಸ್ಯವಾಗಿದೆ. ಕೊಲರಾಡೋ ರಾಜ್ಯದ ಜೋ ಮಾರ್ಕಮ್ ಎಂಬಾತನ ನಾಯಿ ಫ್ರಿಟ್ಸ್ ಕಲ್ಲುಗಳನ್ನು ಕಡಿದು ಕಡಿದು ಹಲ್ಲು ಕೆಡಿಸಿಕೊಳ್ಳುತ್ತಿತ್ತು. ಒಡೆಯನು ಹಳೆಯ ಫೋಕ್ಸ್‌ವ್ಯಾಗನ್ ಗಾಡಿಯೊಂದನ್ನು ಬಿಚ್ಚಿ ರಿಪೇರಿ ಮಾಡುತ್ತಿದ್ದಾಗ ಅದರ ರಬ್ಬರಿನ ಭಾಗವೊಂದು ನಾಯಿಗೆ ಸಿಕ್ಕಿತು. ಅದು ಕಲ್ಲನ್ನು ಮರೆತು ರಬ್ಬರನ್ನು ಹಿಡಿಯಿತು. ಆ ಆಕಾರವನ್ನೇ ಅನುಸರಿಸಿ ಆತನು 1970ರ ದಶಕದಲ್ಲಿ ‘ಕಾಂಗ್’ ಎಂಬ ಟೊಳ್ಳು ರಬ್ಬರಿನ ಆಟಿಕೆಯನ್ನು ಮಾಡಿ ಮಾರತೊಡಗಿದನು. ಹಲ್ಲಿಗೆ ಎದುರು ನಿಲ್ಲದೆ ಬಗ್ಗಿ ಪುಟಿಯುವುದೇ ರಬ್ಬರಿನ ಗುಣ.

ಎರಡನೆಯದಾಗಿ ಎಲುಬಿನ ವಿಚಾರ. ಯುಗಾದಿಯ ಮರುದಿನ ವರ್ಷತೊಡಕಿನಲ್ಲಿ ಮಾಂಸದೂಟವಾದ ಮೇಲೆ ಎಲೆಯಲ್ಲಿ ಉಳಿದದ್ದೆಲ್ಲ ನಾಯಿಯ ಪಾಲಾಗುತ್ತದೆ. ಕೊಡುವವರ ಮನಸ್ಸಿನಲ್ಲಿ ಪ್ರೀತಿಯೇ ಇದೆ, ಸಂದೇಹವಿಲ್ಲ. ಆದರೆ ಎಲುಬೆಂಬುದು ಸುಣ್ಣದ ಅಂಶವೂ ಕೊಲಾಜೆನ್ ಎಂಬ ನಾರಿನಂಥ ಅಂಶವೂ ಹೆಣೆದುಕೊಂಡು ಆದದ್ದು. ಗೋಡೆಗೆ ಮಣ್ಣಿನೊಡನೆ ಹುಲ್ಲು ಕಲಸುವಂತೆ, ಈ ನಾರು ಎಲುಬಿಗೆ ಬಾಗುವ ಗುಣವನ್ನು ಕೊಡುತ್ತದೆ. ಬೇಯಿಸಿದಾಗ ನಾರಿನ ಅಂಶ ಕರಗಿ ಸಾರಿಗೆ ಇಳಿಯುತ್ತದೆ. ನಮಗೆ ಸಾರು ರುಚಿಯಾಗುತ್ತದೆ, ಎಲುಬು ಪೆಡಸಾಗುತ್ತದೆ. ಪೆಡಸಾದ ಎಲುಬು ಪುಡಿಯಾಗದೆ ಚೂಪಾದ ಸಿಬಿರಾಗಿ ಸೀಳುತ್ತದೆ. ಕೋಳಿಯ ಎಲುಬು ಇದರಲ್ಲಿ ಮುಂದು. ಸಿಬಿರು ಗಂಟಲಿಗೆ ನೆಡಬಹುದು, ಕರುಳನ್ನು ತೂತುಮಾಡಬಹುದು. ಅಂಗಡಿಯಲ್ಲಿ ಹೊಗೆಹಾಕಿ ಒಣಗಿಸಿ ಮಾರುವ ಎಲುಬೂ ಇದಕ್ಕೆ ಹೊರತಲ್ಲ. ಅಂಥ ಎಲುಬಿನ ತಿನಿಸುಗಳ ಬಗ್ಗೆ 2010ರ ಕೊನೆಯಿಂದ 2017ರವರೆಗೆ ತನಗೆ ಸುಮಾರು 68 ದೂರುಗಳು ಬಂದುವೆಂದೂ, ಸುಮಾರು 15 ನಾಯಿಗಳು ಸತ್ತುವೆಂದು ಅವುಗಳಲ್ಲಿ ವರದಿಯಾಗಿದೆಯೆಂದೂ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಪ್ರಕಟಿಸಿ ಎಚ್ಚರಿಕೆ ಕೊಟ್ಟಿತು.

ಹಾಗಾದರೆ ಹಸಿಯದನ್ನು ಕೊಡಬಹುದೇ ಎಂದು ಕೇಳುವವರುಂಟು. ಹಸಿಮೂಳೆ ಸುಲಭವಾಗಿ ಸಿಬಿರಾಗದಿದ್ದರೂ ಹಲ್ಲನ್ನು ಮುರಿಯಬಲ್ಲದು. ಸಾಲ್ಮೊನೆಲ್ಲಾ ಮುಂತಾದ ರೋಗಾಣುಗಳನ್ನು ಮನೆಯೊಳಕ್ಕೆ ತರಬಲ್ಲದು. ಇದಕ್ಕಿಂತಲೂ ಗಂಭೀರವಾದ ಇನ್ನೊಂದು ಸಂಗತಿಯನ್ನು ಕುರಿ ಸಾಕುವ ನಮ್ಮ ನಾಡಿನವರು ಅವಶ್ಯವಾಗಿ ತಿಳಿಯತಕ್ಕದ್ದು. ಕುರಿ ಕೊಯ್ದಲ್ಲಿ ನೀರುಗುಳ್ಳೆಗಳಿರುವ ಈಲಿಯನ್ನೂ ಪುಪ್ಪುಸವನ್ನೂ ‘ಇದು ನಮಗೆ ಬೇಡ’ ಎಂದು ನಾಯಿಗೆ ಎಸೆಯುತ್ತಾರೆ. ಆ ಗುಳ್ಳೆಗಳಲ್ಲಿ ಎಕಿನೊಕಾಕಸ್ ಎಂಬ ಪುಟ್ಟ ಲಾಡಿಹುಳುವಿನ ಮರಿಗಳಿರುತ್ತವೆ. ಅವು ನಾಯಿಯ ಕರುಳಿನಲ್ಲಿ ಬೆಳೆಯುತ್ತವೆ. ಅವುಗಳ ಮೊಟ್ಟೆ ನಾಯಿಯ ಮಲದೊಡನೆ ಹೊರಬಂದು ಮಣ್ಣು, ಸೊಪ್ಪು, ಮಕ್ಕಳ ಕೈಗಳ ಮೂಲಕ ಮನುಷ್ಯನ ಹೊಟ್ಟೆಯನ್ನು ಸೇರುತ್ತದೆ. ಆಗ ಅದೇ ಗುಳ್ಳೆ ಮನುಷ್ಯನ ಈಲಿಯಲ್ಲಿಯೋ ಪುಪ್ಪುಸದಲ್ಲಿಯೋ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ನಾಯಿಗೆ ಬಿಟ್ಟಿಯಾಗಿ ಎಸೆದ ಒಂದು ತುಂಡು ಮನೆಯ ಮಗುವಿಗೆ ಶಸ್ತ್ರಚಿಕಿತ್ಸೆಯನ್ನು ತರಬಹುದು. ಗುಳ್ಳೆಯಿರುವ ಅಂಗಗಳನ್ನು ನಾಯಿಗೆ ಸಿಗದಂತೆ ಆಳವಾಗಿ ಹೂಳಬೇಕು. ಬೇರೆ ಅಂಗಗಳನ್ನು ಚೆನ್ನಾಗಿ ಬೇಯಿಸಿಯೇ ಕೊಡಬೇಕು.

ಮೂರನೆಯದು, ನುಂಗಿದ ಮೇಲಿನ ಗತಿ. ಮುಸುಕಿನ ಜೋಳದ ದಿಂಡು ಮೃದುವಾಗಿ ಕಾಣುತ್ತದೆ. ಉಗುರಿನ ಪರೀಕ್ಷೆಯಲ್ಲಿಯೂ ತೇರ್ಗಡೆಯಾಗುತ್ತದೆ. ಆದರೆ ಹೊಟ್ಟೆಯಲ್ಲಿ ಅದು ಜೀರ್ಣವಾಗುವುದಿಲ್ಲ. ತುಂಡಾಗಿ ಕರುಳಿಗಿಳಿದು ಬಿರಡೆಯಂತೆ ಕೂತುಬಿಡುತ್ತದೆ. ಮಾವಿನ ಓಟೆಯೂ ಹಾಗೆಯೇ. ನಮ್ಮ ಕೇರಿಯಲ್ಲಿ ಮಾವಿನ ಕಾಲದಲ್ಲಿ ಒಂದು ಕಾವಲುನಾಯಿ ಮೂರು ದಿನ ಕಕ್ಕಿ, ನಾಲ್ಕನೆಯ ದಿನ ನೀರನ್ನೂ ಮುಟ್ಟದೆ ಮಲಗಿತು. ಯಾರೋ ವಿಷವಿಟ್ಟರೆಂದು ಮನೆಯವರು ನೆರೆಯವರೊಡನೆ ಜಗಳವಾಡಿದರು. ಪಟ್ಟಣಕ್ಕೆ ಒಯ್ದಾಗ ಹೊಟ್ಟೆಯಿಂದ ಹೊರಬಂದದ್ದು ಓಟೆ. ನಾಯಿ ಬದುಕಿತು, ಆದರೆ ಆ ಬೇಸಗೆಯಲ್ಲಿ ಆ ಮನೆಯವರು ಮಾರಿದ ಮೇಕೆಯ ಹಣವೆಲ್ಲ ಅದಕ್ಕೇ ಸಂದಿತು. ತೆಂಗಿನ ಕರಟದ ಚೂರು, ಹುರಿಯಿಂದ ಕಿತ್ತ ಉದ್ದನೆಯ ದಾರ ಇವೂ ಇಂಥವೇ. ದಾರವಂತೂ ಕರುಳನ್ನು ನೆರಿಗೆಗಟ್ಟಿಸಿ ಕುಯ್ಯುತ್ತದೆ.

ಅಂಗಡಿಯ ಚರ್ಮದ ಎಲುಬನ್ನೂ ಇಲ್ಲಿಯೇ ಹೇಳಬೇಕು. ದನದ ತೊಗಲಿನ ಒಳಪದರವನ್ನು ಸುಣ್ಣದಲ್ಲಿ ನೆನೆಸಿ, ತೊಳೆದು, ಬಿಳುಪು ಮಾಡಿ, ಸುತ್ತಿ ಒಣಗಿಸಿ ಅದನ್ನು ತಯಾರಿಸುತ್ತಾರೆ. ನಾಯಿಗೆ ಅದು ಬಹಳ ಹೊತ್ತು ಕೆಲಸ ಕೊಡುತ್ತದೆ ನಿಜ. ಆದರೆ ನೆನೆದ ತುಂಡನ್ನು ಆತುರದ ನಾಯಿ ಇಡಿಯಾಗಿ ನುಂಗಿದರೆ ಅದು ಗಂಟಲಲ್ಲಿಯೋ ಕರುಳಿನಲ್ಲಿಯೋ ಸಿಕ್ಕಿಕೊಳ್ಳಬಹುದು. ಒಣಗಿಸಿದ ಮಾಂಸಲ ತಿನಿಸುಗಳಲ್ಲಿ ಶುಚಿಯ ಪ್ರಶ್ನೆಯೂ ಇದೆ: 2019ರಲ್ಲಿ ಅಮೆರಿಕದಲ್ಲಿ ನಾಯಿಗಳಿಗೆಂದು ಮಾರಿದ ಹಂದಿಕಿವಿಗಳಿಂದ ನೂರಕ್ಕೂ ಹೆಚ್ಚು ಮಂದಿ ಮನುಷ್ಯರಿಗೆ ಸಾಲ್ಮೊನೆಲ್ಲಾ ಸೋಂಕು ತಗಲಿತು.

ಹಾಗಾದರೆ ಕೊಡುವುದೇನು? ಮೊದಲನೆಯದು ಗಜ್ಜರಿ, ಅಂದರೆ ಕ್ಯಾರೆಟ್. ದೊಡ್ಡ ನಾಯಿಗೆ ದಪ್ಪನೆಯದನ್ನು ಇಡಿಯಾಗಿ, ಚಿಕ್ಕದಕ್ಕೆ ಉದ್ದುದ್ದ ಸೀಳಿ ಕೊಡಬೇಕು. ಬಿಲ್ಲೆಯಂತೆ ಹೆಚ್ಚಿದರೆ ಗಂಟಲಿಗೆ ಸಿಕ್ಕೀತು. ಎರಡನೆಯದು ಗೆಣಸು. ಬೇಯಿಸಿ, ಬೆರಳು ದಪ್ಪದ ಪಟ್ಟಿಗಳಾಗಿ ಕೊಯ್ದು, ಸಂಡಿಗೆ ಒಣಗಿಸುವಂತೆ ಬಿಸಿಲಿನಲ್ಲಿ ಒಣಗಿಸಿದರೆ ತೊಗಲಿನಂತೆ ಜಿಗುಟಾಗುತ್ತದೆ. ಜಗಿದು ನುಂಗಿದರೆ ಜೀರ್ಣವಾಗುತ್ತದೆ. ಬೂಸ್ಟು ಹಿಡಿದದ್ದನ್ನು ಮಾತ್ರ ಎಸೆಯಬೇಕು. ಹಲ್ಲು ಬರುವ ಮರಿಗೆ ಒದ್ದೆಮಾಡಿ ಹುರಿಹೊಸೆದು ತಣ್ಣಗೆ ಮಾಡಿದ ಹಳೆಯ ಬಟ್ಟೆ ಹಿತ. ಎಳೆ ಬಿಡತೊಡಗಿದೊಡನೆ ಅದನ್ನು ತೆಗೆದುಬಿಡಬೇಕು. ಸ್ವಲ್ಪ ಹಣ ಹಾಕಬಲ್ಲವರು ಒಂದು ಟೊಳ್ಳು ರಬ್ಬರಿನ ಆಟಿಕೆಯನ್ನು ಕೊಳ್ಳಲಿ. ಅದಕ್ಕೆ ಎರಡೂ ಕಡೆ ರಂಧ್ರವಿರಬೇಕು. ಒಂದೇ ಇದ್ದರೆ ಗಾಳಿ ಎಳೆದು ನಾಲಗೆ ಸಿಕ್ಕಿಕೊಳ್ಳುವ ಭಯವುಂಟು. ಅದರೊಳಗೆ ಉಪ್ಪಿಲ್ಲದ ರಾಗಿಮುದ್ದೆಯನ್ನೋ ಮೊಸರನ್ನವನ್ನೋ ತುಂಬಿಟ್ಟರೆ ನಾಯಿ ಬಹಳ ಹೊತ್ತು ಅದರಲ್ಲೇ ಮಗ್ನ. ತಿಂಗಳಿಗೊಮ್ಮೆ ಮುಗಿಯುವ ಅಗ್ಗದ ಕಡ್ಡಿಗಿಂತ ವರ್ಷಕ್ಕೆ ಬರುವ ರಬ್ಬರು ಲೆಕ್ಕದಲ್ಲಿ ಅಗ್ಗವೇ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು, ಕ್ಸೈಲಿಟಾಲ್ ಎಂಬ ಕೃತಕ ಸಿಹಿಯಿರುವ ಪದಾರ್ಥ ಇವು ನಾಯಿಗೆ ವಿಷ; ಇವನ್ನು ಎಂದಿಗೂ ತುಂಬಕೂಡದು.

ಅಂಗಡಿಯ ದಂತಕಡ್ಡಿಗಳನ್ನು ಕೊಳ್ಳುವವರಿಗೆ ಅಮೆರಿಕದ ಪಶುದಂತಾರೋಗ್ಯ ಮಂಡಲಿಯ ಮುದ್ರೆ ಒಂದು ಆಧಾರ. ಲೋಳೆಯನ್ನಾಗಲಿ ಕಿಟ್ಟವನ್ನಾಗಲಿ ಸರಾಸರಿ ಶೇಕಡ 20ರಷ್ಟಾದರೂ ತಗ್ಗಿಸುವುದೆಂದು ಪ್ರಯೋಗಗಳಿಂದ ತೋರಿಸಿದ ಪದಾರ್ಥಗಳಿಗೆ ಆ ಮುದ್ರೆ ದೊರೆಯುತ್ತದೆ. ಹಿಮಾಲಯದ ಹಾಲಿನ ಗಟ್ಟಿ ‘ಛುರ್ಪಿ’ಯೂ ಈಗ ನಾಯಿಯ ತಿನಿಸಾಗಿ ಹೊರದೇಶಗಳಿಗೆ ಹೋಗುತ್ತಿದೆ, ಆದರೆ ಹಲವು ತುಂಡುಗಳು ಉಗುರಿಗೆ ಬಗ್ಗದಷ್ಟು ಗಡುಸು.

ಕೊಡುವ ಕ್ರಮವನ್ನೂ ಹೇಳಿ ಮುಗಿಸುತ್ತೇನೆ. ಪದಾರ್ಥ ನಾಯಿಯ ಬಾಯಿಗಿಂತ ದೊಡ್ಡದಾಗಿರಲಿ. ಸವೆದು ನುಂಗುವಷ್ಟಾದಾಗ ಕಸಿದುಕೊಳ್ಳದೆ ಬೇರೊಂದು ತುತ್ತು ತೋರಿಸಿ ಬಿಡಿಸಿಕೊಳ್ಳಿರಿ. ಎರಡು ನಾಯಿಗಳಿದ್ದರೆ ಬೇರೆ ಬೇರೆ ಕಡೆ ಕೊಡಿರಿ, ಇಲ್ಲವಾದರೆ ಪೈಪೋಟಿಯಿಂದ ನುಂಗುತ್ತವೆ. ಅಗಿಯುವಾಗ ಹತ್ತಿರ ಯಾರಾದರೂ ಇರಲಿ. ದಿನದ ಆಹಾರದಲ್ಲಿ ಇಂಥ ತಿನಿಸು ಹತ್ತನೆಯ ಒಂದು ಪಾಲನ್ನು ಮೀರದಿರಲಿ. ನಾಯಿ ಮತ್ತೆ ಮತ್ತೆ ಕಕ್ಕಿದರೆ, ಜೊಲ್ಲು ಸುರಿಸಿದರೆ, ತಿನ್ನದೆ ಮುದುರಿ ಮಲಗಿದರೆ, ಮಂತ್ರ ಮದ್ದೆಂದು ದಿನ ಕಳೆಯದೆ ಪಶುವೈದ್ಯರ ಬಳಿಗೆ ಒಯ್ಯಿರಿ.

ನಮ್ಮ ಮನೆಯ ಹಿರಿಯರು ಇವನ್ನೆಲ್ಲ ಓದಿದವರಲ್ಲ. ಆದರೆ ತಾವು ಉಣ್ಣುವ ಮುನ್ನ ನಾಯಿಗೆ ಒಂದು ತುತ್ತು ತೆಗೆದಿಡುವ ಧರ್ಮ ಅವರಲ್ಲಿತ್ತು. ಓದಿದ ನಾವು ಅದಕ್ಕೆ ಸೇರಿಸಬೇಕಾದದ್ದು ಸ್ವಲ್ಪವೇ. ಈ ರಜೆಯಲ್ಲಿ ಊರಿಗೆ ಹೋದಾಗ ಎಲೆಯಲ್ಲಿ ಉಳಿದ ಎಲುಬನ್ನು ನಾಯಿಗೆ ಎಟುಕದಂತೆ ಹೂತು, ಅದರ ಬದಲಿಗೆ ಒಂದು ಗಜ್ಜರಿಯನ್ನು ಕೊಟ್ಟು ನೋಡೋಣ. ಏತಕ್ಕೆಂದು ಮನೆಯವರು ಕೇಳಿದರೆ ತಿಳಿಯಹೇಳೋಣ.