ಗಡ್ಡೆಯಿಂದಲೇ ಸುಳಿವು ಹೊರಡಿಸುವ ನ್ಯಾನೋಕಣ

ಕ್ಯಾನ್ಸರ್ ಗಡ್ಡೆ ಚಿಕ್ಕದಿರುವಾಗಲೇ ಸಿಕ್ಕಿಬಿದ್ದರೆ ರೋಗಿ ಉಳಿಯುವ ಸಾಧ್ಯತೆ ಹೆಚ್ಚು. ಆದರೆ ಅದು ಸಿಕ್ಕಿಬೀಳುವುದೇ ಕಷ್ಟ. ಒಂದೆರಡು ಮಿಲಿಮೀಟರಿನ ಗಡ್ಡೆ ಸ್ಕ್ಯಾನಿಂಗಿನಲ್ಲೂ ತಪ್ಪಿಸಿಕೊಳ್ಳಬಹುದು. ಅದು ರಕ್ತಕ್ಕೆ ಬಿಡುವ ಪ್ರೋಟೀನೂ ಅತ್ಯಲ್ಪ. ಮೈಯಲ್ಲಿರುವ ಸುಮಾರು ಐದು ಲೀಟರ್ ರಕ್ತದಲ್ಲಿ ಅದು ಬೆರೆತುಹೋಗುತ್ತದೆ.

ಅಮೆರಿಕದ ಎಂಐಟಿಯ ವಿಜ್ಞಾನಿ ಸಂಗೀತಾ ಭಾಟಿಯಾ ಮತ್ತು ಸಂಗಡಿಗರು ಬೇರೆ ದಾರಿ ಹಿಡಿದರು. ಗಡ್ಡೆ ತಾನಾಗಿ ಬಿಡುವ ಸುಳಿವಿಗೆ ಕಾಯುವುದೇಕೆ? ಅದರಿಂದಲೇ ಹೊಸ ಸುಳಿವನ್ನು ಹೊರಡಿಸಬಾರದೇಕೆ?

ಸುತ್ತಲಿನ ಅಂಗಾಂಶವನ್ನು ಸೀಳಿ ಹರಡಲು ಗಡ್ಡೆಗೆ ಪ್ರೋಟಿಯೇಸ್ ಎಂಬ ಕಿಣ್ವಗಳು ಬೇಕು. ಪ್ರೋಟೀನನ್ನು ಕತ್ತರಿಸುವುದೇ ಇವುಗಳ ಕೆಲಸ. ಸಂಶೋಧಕರು ನ್ಯಾನೋಕಣಗಳ ಮೈಗೆ ಈ ಕಿಣ್ವಗಳು ಕತ್ತರಿಸಬಲ್ಲ ಪೆಪ್ಟೈಡ್ ಎಂಬ ಪುಟ್ಟ ಪ್ರೋಟೀನ್ ಎಳೆಗಳನ್ನು ಅಂಟಿಸಿ ಇಲಿಗಳ ದೇಹದೊಳಗೆ ಬಿಟ್ಟರು. ಗಡ್ಡೆಯ ಬಳಿ ಎಳೆಗಳು ತುಂಡಾಗುತ್ತವೆ. ಇಡೀ ಕಣ ಮೂತ್ರಪಿಂಡದ ಸೋಸುವಿಕೆಯನ್ನು ದಾಟಲಾರದಷ್ಟು ದೊಡ್ಡದು. ತುಂಡು ದಾಟುವಷ್ಟು ಚಿಕ್ಕದು. ಹೀಗಾಗಿ ತುಂಡುಗಳಷ್ಟೇ ಮೂತ್ರದಲ್ಲಿ ಬಂದು ಸೇರುತ್ತವೆ. ಒಂದೇ ಕಿಣ್ವ ಒಂದಾದ ಮೇಲೊಂದರಂತೆ ಅನೇಕ ಎಳೆಗಳನ್ನು ಕತ್ತರಿಸುವುದರಿಂದ ಪುಟ್ಟ ಗಡ್ಡೆಯ ಸುಳಿವೂ ಹಲವು ಪಟ್ಟು ಹಿಗ್ಗುತ್ತದೆ. ಇಡೀ ಉಪಾಯದ ಜೀವಾಳ ಇದೇ.

2014ರಲ್ಲಿ ಈ ತಂಡ ಇಲಿಗಳ ಕರುಳಿನ ಕ್ಯಾನ್ಸರನ್ನು ಗರ್ಭಪರೀಕ್ಷೆಯ ಪಟ್ಟಿಯಂಥ ಕಾಗದದ ಪಟ್ಟಿಯಲ್ಲೇ ಗುರುತಿಸಿತು. 2017ರಲ್ಲಿ ಇಲಿಗಳಲ್ಲಿ 2 ಮಿಲಿಮೀಟರಿಗಿಂತ ಚಿಕ್ಕ ಅಂಡಾಶಯದ ಗಡ್ಡೆಗಳ ಸುಳಿವೂ ಸಿಕ್ಕಿತು. 2023ರಲ್ಲಿ ಪೆಪ್ಟೈಡಿನ ತುದಿಗೆ ಡಿಎನ್‌ಎ ಗುರುತುಗಳನ್ನು ಜೋಡಿಸಿ, ಜೀನ್ ತಿದ್ದಲು ಬಳಸುವ ಕ್ರಿಸ್ಪರ್ ತಂತ್ರದ ಕ್ಯಾಸ್12ಎ ಕಿಣ್ವದಿಂದ ಮೂತ್ರದಲ್ಲಿ ಅವುಗಳನ್ನು ಪತ್ತೆಹಚ್ಚಲಾಯಿತು.

ಇಲಿಯಲ್ಲಿ ಗೆದ್ದದ್ದೆಲ್ಲ ಮನುಷ್ಯನಲ್ಲಿ ಗೆಲ್ಲುವುದಿಲ್ಲ. ಗಾಯ ಮಾಯುವಾಗ, ಉರಿಯೂತವಿದ್ದಾಗಲೂ ಪ್ರೋಟಿಯೇಸ್‌ಗಳು ಚುರುಕಾಗುತ್ತವೆ. ಆದ್ದರಿಂದ ಒಂದೇ ಕಿಣ್ವವನ್ನು ನಂಬಿ ತೀರ್ಪು ಕೊಡುವಂತಿಲ್ಲ. ಹಲವು ಎಳೆಗಳು ಕತ್ತರಿಸಲ್ಪಟ್ಟ ಬಗೆಯನ್ನು ಒಟ್ಟಾಗಿ ನೋಡಬೇಕು. ಕಾಯಿಲೆಯೇ ಇಲ್ಲದವರಿಗೆ ಕ್ಯಾನ್ಸರ್ ಇದೆಯೆಂದು ಹೇಳುವ ಪರೀಕ್ಷೆ ಅನಗತ್ಯ ಬಯಾಪ್ಸಿಗೂ ಭಯಕ್ಕೂ ದಾರಿಯಾಗುತ್ತದೆ. ಕಣಗಳು ದೇಹಕ್ಕೆ ಸುರಕ್ಷಿತವೆಂಬುದೂ ಸಾಬೀತಾಗಬೇಕು.

ಇಷ್ಟಾದರೂ ಈ ದಾರಿಯಲ್ಲಿ ಮುಂದುವರಿಯಲೇಬೇಕು. ನಮ್ಮಲ್ಲಿ ಎಷ್ಟೋ ರೋಗಿಗಳು ವೈದ್ಯರ ಬಳಿ ಬರುವುದೇ ರೋಗ ಬಲಿತ ಮೇಲೆ. ದೊಡ್ಡ ಸ್ಕ್ಯಾನಿಂಗ್ ಯಂತ್ರಗಳು ನಗರದಲ್ಲಿರುತ್ತವೆ, ರೋಗ ಊರೂರಲ್ಲೂ ಇರುತ್ತದೆ. ಮನುಷ್ಯರ ಮೇಲಿನ ಪ್ರಯೋಗಗಳಲ್ಲಿ ಈ ಪರೀಕ್ಷೆ ಗೆದ್ದರೆ, ತಾಲ್ಲೂಕು ಆಸ್ಪತ್ರೆಯಲ್ಲೇ ಮಾಡಬಹುದಾದ ಮೂತ್ರಪರೀಕ್ಷೆಯೊಂದು ಯಾರನ್ನು ಸ್ಕ್ಯಾನಿಂಗಿಗೆ ಬೇಗ ಕಳಿಸಬೇಕೆಂದು ಹೇಳಬಲ್ಲದು.