ಪಿಎಚ್‌ಡಿ ಆದ ಮೇಲೂ ‘ಇನ್ನೂ ಕಲಿಯೋದಾ?’ ಅಂತ ಕೇಳ್ಬೇಡಿ

ಮದುವೆ ಮನೆಯಲ್ಲಿ ಊಟ ಮುಗಿಸಿ ಕೂತಾಗ ಈ ಮಾತು ಬರುವುದುಂಟು. “ನಿಮ್ಮ ಮಗ ಈಗ ಎಂತ ಮಾಡ್ತಿದ್ದಾನೆ?” “ಪಿಎಚ್‌ಡಿ ಮುಗೀತು. ಈಗ ಪೋಸ್ಟ್ ಡಾಕ್ಟೋರಲ್ ಅಂತೆ.” “ಯಾ ಅಲ್ಲಾಹ್, ಇನ್ನೂ ಕಲಿಯೋದಾ? ಅವನ ಜೊತೆಯವರು ದುಬೈಯಲ್ಲಿ ದುಡಿದು ಮನೆ ಕಟ್ಟಿದ್ರು!” ಆ ಉಮ್ಮನಿಗೆ ಮತ್ತೆ ಉತ್ತರ ಇರುವುದಿಲ್ಲ. ಮಗ ಮಾಡುವುದು ಕಲಿಕೆಯಾ, ಕೆಲಸವಾ ಅಂತ ಅವರಿಗೂ ಸರಿಯಾಗಿ ಗೊತ್ತಿಲ್ಲ.

ಅದು ಕೆಲಸ. ಪಿಎಚ್‌ಡಿ ಪಡೆದವನು ಕಾಯಂ ಪ್ರಾಧ್ಯಾಪಕನೋ ವಿಜ್ಞಾನಿಯೋ ಆಗುವ ಮೊದಲು, ಒಂದು ಸಂಸ್ಥೆಯಲ್ಲಿ ಪೂರ್ಣಾವಧಿ ಸಂಶೋಧನೆ ಮಾಡುವ ಕೆಲವು ವರ್ಷಗಳಿಗೆ ಪೋಸ್ಟ್ ಡಾಕ್ಟೋರಲ್ ಅನ್ನುತ್ತಾರೆ. ಇಲ್ಲಿ ಪರೀಕ್ಷೆ ಇಲ್ಲ, ಫೀಸ್ ಇಲ್ಲ. ತಿಂಗಳಿಗೆ ಹಣ ಬರುತ್ತದೆ. ಆದರೆ ಅವಧಿ ಮುಗಿದ ದಿನ ಹಣವೂ ನಿಲ್ಲುತ್ತದೆ. ಮುಂದಿನ ಕೆಲಸ ಸಿಗಬೇಕಾದರೆ ಈ ವರ್ಷಗಳಲ್ಲಿ ಮಾಡಿದ ಸಂಶೋಧನೆಯೇ ಆಧಾರ.

ನಮ್ಮ ಕಡಲಿಗೂ ಗುಡ್ಡಕ್ಕೂ ಬೇಕಾದವರು

ಇಂದು ಭೂವಿಜ್ಞಾನ ಓದಿದವರ ಬಗ್ಗೆಯೇ ಹೇಳುತ್ತೇನೆ, ಯಾಕೆಂದರೆ ಅವರ ಕೆಲಸ ನಮ್ಮ ಅಂಗಳದಲ್ಲೇ ಉಂಟು. ಉಳ್ಳಾಲದಲ್ಲಿ ಮಳೆಗಾಲ ಬಂತೆಂದರೆ ಕಡಲು ಮನೆ ಬಾಗಿಲಿಗೆ ಬರುತ್ತದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಗೆ ಕುಸಿಯಿತು. ಅದೇ ಜುಲೈ 30ಕ್ಕೆ ವಯನಾಡಿನ ಮುಂಡಕೈ, ಚೂರಲ್‌ಮಲೆಯಲ್ಲಿ ಊರಿಗೆ ಊರೇ ಕೊಚ್ಚಿ ಹೋಯಿತು. ಯಾವ ಗುಡ್ಡ ಗಟ್ಟಿ, ಯಾವುದು ಸಡಿಲ, ದಂಡೆಯ ಮರಳು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಬಾವಿಗೆ ಉಪ್ಪುನೀರು ಯಾಕೆ ನುಗ್ಗುತ್ತದೆ ಎಂದು ಅಳೆದು ಹೇಳುವವರು ಭೂವಿಜ್ಞಾನಿಗಳು.

ಈ ಅಳತೆ ಒಂದು ದಿನದಲ್ಲಿ ಆಗುವುದಲ್ಲ. ದಂಡೆ ಮಳೆಗಾಲದಲ್ಲಿ ಕೊರೆಯುತ್ತದೆ, ಬೇಸಗೆಯಲ್ಲಿ ಮತ್ತೆ ಮರಳು ತುಂಬುತ್ತದೆ. ಎರಡನ್ನೂ ನೋಡದೆ ಲೆಕ್ಕ ಸರಿಯಾಗುವುದಿಲ್ಲ. ಎರಡು ವರ್ಷದ ಫೆಲೋಶಿಪ್ ಅಂದರೆ ಕೈಗೆ ಸಿಗುವುದು ಎರಡೇ ಎರಡು ಮಳೆಗಾಲ. ಹಣ ಬರುವಾಗ ತಡವಾಗಿ ಒಂದು ಮಳೆಗಾಲ ತಪ್ಪಿದರೆ ಅರ್ಧ ಕೆಲಸವೇ ಹೋಯಿತು.

ಹಣ ಯಾರ ಹೆಸರಲ್ಲಿ ಉಂಟು?

ಮನೆಯವರು ಮಕ್ಕಳ ಹತ್ತಿರ ಕೇಳಬೇಕಾದ ಮುಖ್ಯ ಪ್ರಶ್ನೆ ಇದು. ಈ ಹಣ ಎರಡು ರೀತಿಯಲ್ಲಿ ಬರುತ್ತದೆ. ಒಂದು, ಪ್ರಾಧ್ಯಾಪಕರಿಗೆ ಸಿಕ್ಕಿದ ಯೋಜನೆಯ ಹಣ. ಅವರು ನಮ್ಮ ಹುಡುಗನನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ. ವಿಷಯ ಅವರದು, ಯೋಜನೆ ಮುಗಿದರೆ ಕೆಲಸವೂ ಮುಗಿಯಿತು. ಇನ್ನೊಂದು ಫೆಲೋಶಿಪ್. ಹುಡುಗನೇ ತನ್ನ ವಿಷಯ ಬರೆದು ಅರ್ಜಿ ಹಾಕಿ ಗೆದ್ದದ್ದು, ಅವನ ಹೆಸರಿಗೇ ಮಂಜೂರಾದದ್ದು. ಮುಂದೆ ಕಾಯಂ ಕೆಲಸ ಹುಡುಕುವಾಗ ಈ ಎರಡನೆಯದಕ್ಕೆ ತೂಕ ಜಾಸ್ತಿ. ಹಾಗಂತ ಮೊದಲನೆಯದು ಕಡಿಮೆಯ ಕೆಲಸ ಅಂತ ತಿಳಿಯಬಾರದು. ಹೆಚ್ಚಿನವರು ಅಲ್ಲಿಂದಲೇ ಶುರು ಮಾಡುತ್ತಾರೆ.

ನಮ್ಮ ದೇಶದಲ್ಲಿ ಮೊದಲು ನೋಡಬೇಕಾದದ್ದು ನ್ಯಾಷನಲ್ ಪೋಸ್ಟ್ ಡಾಕ್ಟೋರಲ್ ಫೆಲೋಶಿಪ್. ಮೊದಲು ಇದನ್ನು ಸರ್ಬ್ ಎಂಬ ಮಂಡಳಿ ಕೊಡುತ್ತಿತ್ತು. 2023ರ ಕಾಯ್ದೆಯ ನಂತರ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕೈಯಲ್ಲಿದೆ. ಅವಧಿ 2 ವರ್ಷ, ಜೀವನದಲ್ಲಿ ಒಂದೇ ಸಲ. ವಯಸ್ಸಿನ ಮಿತಿ 35. ಮಹಿಳೆಯರಿಗೆ, ಎಸ್‌ಸಿ, ಎಸ್‌ಟಿ, ಒಬಿಸಿ ಮತ್ತು ಅಂಗವಿಕಲರಿಗೆ 5 ವರ್ಷ ರಿಯಾಯಿತಿ. ಅರ್ಜಿ ಹಾಕುವ ಮೊದಲೇ ಕಾಯಂ ಕೆಲಸದಲ್ಲಿರುವ ಒಬ್ಬ ವಿಜ್ಞಾನಿ ಮಾರ್ಗದರ್ಶಕರಾಗಲು ಒಪ್ಪಿರಬೇಕು.

ಇನ್ನೊಂದು, ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇನ್‌ಸ್ಪೈರ್ ಫ್ಯಾಕಲ್ಟಿ ಫೆಲೋಶಿಪ್. ಇದು 5 ವರ್ಷದ್ದು. ತಿಂಗಳಿಗೆ 1.25 ಲಕ್ಷ ರೂಪಾಯಿ, ಅದರ ಮೇಲೆ ಸಂಶೋಧನಾ ಖರ್ಚಿಗೆ ವರ್ಷಕ್ಕೆ 7 ಲಕ್ಷ. ಆದರೆ ಸಾಮಾನ್ಯ ವಯೋಮಿತಿ 32, ಸ್ಪರ್ಧೆಯೂ ಕಠಿಣ. ಹೆಣ್ಣುಮಕ್ಕಳಿಗೆ ಇದೇ ಇಲಾಖೆಯ ವೈಸ್ ಯೋಜನೆಯಡಿ ಬೇರೆಯೇ ಪೋಸ್ಟ್ ಡಾಕ್ಟೋರಲ್ ಫೆಲೋಶಿಪ್ ಉಂಟು. ಕೆಲಸ ಮಾಡುವ ಜಾಗಗಳೂ ತೀರಾ ದೂರವಲ್ಲ: ಬೆಂಗಳೂರಿನ ಐಐಎಸ್‌ಸಿ, ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ, ತಿರುವನಂತಪುರದ ರಾಷ್ಟ್ರೀಯ ಭೂವಿಜ್ಞಾನ ಅಧ್ಯಯನ ಕೇಂದ್ರ.

ಹೊರದೇಶದ ಬಾಗಿಲು

ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಭೂವಿಜ್ಞಾನಿಗಳಿಗೆಂದೇ 2 ವರ್ಷದ ಫೆಲೋಶಿಪ್ ನಡೆಸಿಕೊಂಡು ಬಂದಿದೆ. ಆದರೆ ಅದು ಅಲ್ಲಿನ ಪೌರರಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ನಮ್ಮ ಮಕ್ಕಳು ಅಲ್ಲಿಗೆ ಹೋಗುವುದು ಹೆಚ್ಚಾಗಿ ಪ್ರಾಧ್ಯಾಪಕರ ಯೋಜನೆಯ ಹಣದಲ್ಲಿ.

ಯುರೋಪಿನಲ್ಲಿ ಆ ಅಡ್ಡಿ ಇಲ್ಲ. ಮೇರಿ ಕ್ಯೂರಿ ಫೆಲೋಶಿಪ್‌ಗೆ ಯಾವ ದೇಶದವರೂ ಅರ್ಜಿ ಹಾಕಬಹುದು, ಪಿಎಚ್‌ಡಿ ಆಗಿ 8 ವರ್ಷದ ಒಳಗೆ. 2024ರ ಸುತ್ತಿನಲ್ಲಿ 10 ಸಾವಿರಕ್ಕೂ ಹೆಚ್ಚು ಅರ್ಜಿ ಬಂದಿದ್ದವು, ಸಿಕ್ಕಿದ್ದು 1,700 ಜನರಿಗಿಂತ ಕಡಿಮೆ. ಜರ್ಮನಿಯ ಹಂಬೋಲ್ಟ್ ಫೆಲೋಶಿಪ್‌ಗೆ ಪಿಎಚ್‌ಡಿ ಆಗಿ 4 ವರ್ಷದ ಒಳಗಿನವರು ಅರ್ಜಿ ಕಳಿಸಬಹುದು.

ಗಡಿಯಾರ ಓಡ್ತಾ ಇರ್ತದೆ

ಈಗ ಬೆರಳು ಮಡಚಿ ಲೆಕ್ಕ ಹಾಕಿ. ಪಿಯುಸಿಗೆ 18, ಬಿಎಸ್ಸಿಗೆ 21, ಎಂಎಸ್ಸಿಗೆ 23. ಪಿಎಚ್‌ಡಿಗೆ ಐದಾರು ವರ್ಷ ಹಿಡಿದರೆ 29. ನಡುವೆ “ಒಮ್ಮೆ ಗಲ್ಫ್ ನೋಡಿ ಬಾ” ಅಂತ ಮೂರು ವರ್ಷ ಕಳಿಸಿದರೆ 32. ಒಂದು ಬಾಗಿಲು ಮುಚ್ಚಿತು. ಹೆಣ್ಣುಮಗಳಾದರೆ ಮದುವೆ, ಬಾಣಂತನ ಎಲ್ಲ ಇದೇ ವರ್ಷಗಳಲ್ಲಿ ಬರುತ್ತದೆ. ಆ 5 ವರ್ಷದ ರಿಯಾಯಿತಿ ಇರುವುದು ಅದಕ್ಕೇ. ಮೇರಿ ಕ್ಯೂರಿಯಲ್ಲೂ ಕೆಲಸ ಬಿಟ್ಟು ಕೂತ ಅವಧಿಯನ್ನು 8 ವರ್ಷದ ಲೆಕ್ಕದಿಂದ ಕಳೆಯುತ್ತಾರೆ. “ಮಗು ಆಯ್ತಲ್ಲ, ಇನ್ನೆಂತ ಸಂಶೋಧನೆ” ಅಂತ ಹೇಳುವ ಮೊದಲು ಇದು ನೆನಪಿರಲಿ.

ಮನೆಯವರು ಮಾಡಬಹುದಾದದ್ದು ಉಂಟು. ಪಿಎಚ್‌ಡಿ ಮುಗಿಯುವ ಒಂದು ವರ್ಷ ಮೊದಲೇ ಅರ್ಜಿಯ ತಯಾರಿ ಶುರುವಾಗಿದೆಯಾ ಅಂತ ವಿಚಾರಿಸಿ. ಒಬಿಸಿ ರಿಯಾಯಿತಿ ಕೇಳುವುದಾದರೆ ಕೇಂದ್ರ ಸರ್ಕಾರದ ನಮೂನೆಯ ಪ್ರಮಾಣಪತ್ರ ಬೇಕು. ರಾಜ್ಯದ ನಮೂನೆ ಅಲ್ಲಿ ನಡೆಯುವುದಿಲ್ಲ, ತಾಲೂಕು ಕಚೇರಿಗೆ ಬೇಗ ಹೋಗಿ. ಪಾಸ್‌ಪೋರ್ಟಿನ ಹೆಸರು, ಅಂಕಪಟ್ಟಿಯ ಹೆಸರು ಒಂದೇ ಉಂಟಾ ನೋಡಿ. ಮಂಜೂರಾದ ಹಣ ಖಾತೆಗೆ ಬರಲು ತಿಂಗಳುಗಟ್ಟಲೆ ತಡವಾಗುವುದುಂಟು, ಆ ತಿಂಗಳುಗಳಿಗೆ ಕೈಯಲ್ಲಿ ಸ್ವಲ್ಪ ಇಟ್ಟುಕೊಳ್ಳಿ. ನಿಯಮಗಳು ಬದಲಾಗುತ್ತಾ ಇರುತ್ತವೆ, ಆಯಾ ವರ್ಷದ ಪ್ರಕಟಣೆಯನ್ನೇ ನಂಬಿ.

ನಮ್ಮ ಜಮಾಅತ್‌ಗಳಿಗೂ ಗಲ್ಫಿನಲ್ಲಿರುವ ನಮ್ಮವರ ಸಂಘಟನೆಗಳಿಗೂ ಒಂದು ಮಾತು. ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿಗೆ ಸ್ಕಾಲರ್‌ಶಿಪ್ ಕೊಟ್ಟು ಫೋಟೊ ತೆಗೆಯುತ್ತೇವೆ, ಒಳ್ಳೆಯದೇ. ಪಿಎಚ್‌ಡಿ ಮುಗಿಸಿದ ಒಬ್ಬರಿಗೆ ವೀಸಾ ಖರ್ಚು, ವಿಮಾನದ ಟಿಕೆಟ್, ಮೊದಲ ತಿಂಗಳ ಬಾಡಿಗೆ ಸಾಲವಾಗಿಯಾದರೂ ಕೊಡುವ ವ್ಯವಸ್ಥೆ ಮಾಡಿದರೆ ಆ ಫೆಲೋಶಿಪ್ ಕೈತಪ್ಪದೆ ಉಳಿಯಬಹುದು. ಇನ್ನು ಮದುವೆ ಮನೆಯಲ್ಲಿ ಆ ಉಮ್ಮ ಸಿಕ್ಕಿದರೆ “ಇನ್ನೂ ಕಲಿಯೋದಾ?” ಅಂತ ಕೇಳುವ ಬದಲು, “ಯಾವ ವಿಷಯದ ಮೇಲೆ ಕೆಲಸ ಮಾಡ್ತಿದ್ದಾನೆ?” ಅಂತ ಕೇಳಿ.