ನಿಮಗಿದು ಗೊತ್ತೆ? ಆರೂವರೆ ಇಂಚಿನ ಅಪಾಯ
ಹೊಲದ ಕೊಳವೆಬಾವಿಯ ಬಾಯಿ ಸಾಮಾನ್ಯವಾಗಿ ಆರೂವರೆ ಇಂಚು ಅಗಲ. ದೊಡ್ಡವರು ಬೀಳಲಾರರು, ಎಳೆಯ ಮಗು ಪೂರ್ತಿ ಜಾರಿಹೋಗುತ್ತದೆ. ಒಳಗೆ ಸಿಲುಕಿದಾಗ ಎದೆ ಬಿಗಿದು ಉಸಿರಾಟ ಕಷ್ಟವಾಗುತ್ತದೆ; ಮೇಲಿನಿಂದ ಮಣ್ಣು ಕುಸಿದರೆ ಅದೂ ನಿಲ್ಲುತ್ತದೆ. 2024ರ ಏಪ್ರಿಲ್ 3ರಂದು ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಹೊಸದಾಗಿ ಕೊರೆಸಿ ಮುಚ್ಚದೆ ಬಿಟ್ಟಿದ್ದ ಬಾವಿಗೆ ಎರಡು ವರ್ಷದ ಆಸುಪಾಸಿನ ಗಂಡುಮಗು ತಲೆಕೆಳಗಾಗಿ ಬಿತ್ತು. ಮಗುವನ್ನು ತಲುಪಲು ಪಕ್ಕದಲ್ಲೇ ಗುಂಡಿ ತೋಡುವಾಗ ಕಲ್ಲು ಅಡ್ಡಬಂತು. ಯಂತ್ರದ ಕಂಪನಕ್ಕೆ ಮಣ್ಣು ಉದುರುವ ಭಯ ಬೇರೆ. ಪೈಪಿನಲ್ಲಿ ಆಮ್ಲಜನಕ ಬಿಡುತ್ತ, ಕ್ಯಾಮೆರಾದಲ್ಲಿ ಪುಟ್ಟ ಕಾಲುಗಳ ಅಲುಗಾಟ ನೋಡುತ್ತ ದುಡಿದ ರಕ್ಷಣಾ ತಂಡ ಸುಮಾರು 20 ಗಂಟೆಗಳ ಬಳಿಕ ಮಗುವನ್ನು ಜೀವಂತವಾಗಿ ಹೊರತೆಗೆಯಿತು. ಎಲ್ಲ ಮಕ್ಕಳಿಗೂ ಈ ಅದೃಷ್ಟ ಸಿಕ್ಕಿಲ್ಲ. ಕೈಬಿಟ್ಟ ಕೊಳವೆಬಾವಿಯನ್ನು ಮಣ್ಣು, ಮರಳು, ಕಲ್ಲು ಹಾಕಿ ತಳದಿಂದ ನೆಲಮಟ್ಟದವರೆಗೆ ತುಂಬಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಸೂಚಿಸಿದೆ.